ತೂಕದ ಚೀಟಿಗೆ ಸಾಕ್ಷಿ ಯಾರು?
ಹಳೆಯ ಡಾಸ್ ಕಾಟಾ ತಂತ್ರಾಂಶವನ್ನು ಹೊಸ ಗಣಕಯಂತ್ರದಲ್ಲಿ ನಡೆಸುವ ಮುನ್ನ ತಿಳಿಯಬೇಕಾದ ಸಂಗತಿಗಳು

ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೆಸರಾದ ನಮ್ಮ ಈ ನಾಡಿನ ಹೊರ ಗುರುತುಗಳು ಕಳೆದ ಮೂರು ದಶಕಗಳಲ್ಲಿ ಹಲವು ಬಾರಿ ಬದಲಾಗಿವೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳೊಂದಿಗೆ ನೂತನ ವಿಜಯನಗರ ಜಿಲ್ಲೆಯ ಭಾಗವಾಯಿತು. ಆದರೆ ಇಲ್ಲಿನ ವ್ಯಾಪಾರದ ತಳಹದಿ ಬದಲಾಗಿಲ್ಲ. ಶೇಂಗಾ ಇರಲಿ, ಮೆಕ್ಕೆಜೋಳ ಇರಲಿ, ಹುಣಸೆಹಣ್ಣು ಇರಲಿ, ರೈತನ ಮಾಲು ವರ್ತಕನ ಕೈಸೇರುವ ಕ್ಷಣದಲ್ಲಿ ಇಬ್ಬರ ನಡುವೆ ನಿಲ್ಲುವುದು ಒಂದು ತೂಕದ ಚೀಟಿ. ಆ ಚೀಟಿಯ ಮೇಲಿನ ಅಂಕಿ ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ಯೋಚಿಸಿರುವುದಿಲ್ಲ. ನಾನೂ ಯೋಚಿಸಿರಲಿಲ್ಲ. 2025ರ ಮುಂಗಾರು ಸುಗ್ಗಿಯಲ್ಲಿ ನನ್ನ ಕಕ್ಷಿದಾರರೊಬ್ಬರ ಕಾಟಾದಲ್ಲಿ ನಡೆದ ಘಟನೆ ನನ್ನನ್ನು ಯೋಚಿಸುವಂತೆ ಮಾಡಿತು. ಆ ಅನುಭವವನ್ನು ವರ್ತಕ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಸಮಸ್ಯೆಯ ಸ್ವರೂಪ

ಎಣ್ಣೆ ಗಿರಣಿ, ಗೋದಾಮು ಮತ್ತು ಖರೀದಿ ಕೇಂದ್ರಗಳ ಬಹಳಷ್ಟು ವೇಬ್ರಿಡ್ಜ್‌ಗಳು ಇಪ್ಪತ್ತು ವರ್ಷಕ್ಕೂ ಹಳೆಯವು. ಕಬ್ಬಿಣದ ವೇದಿಕೆ, ಅದರ ಕೆಳಗಿನ ಲೋಡ್‌ಸೆಲ್‌ಗಳು, ಕೊಠಡಿಯಲ್ಲಿ ಕೆಂಪು ಅಂಕಿ ತೋರಿಸುವ ಇಂಡಿಕೇಟರ್, ಇವು ಸರಿಯಾದ ನಿರ್ವಹಣೆ ಇದ್ದರೆ ದೀರ್ಘಕಾಲ ಬಾಳುತ್ತವೆ. ಇಂಡಿಕೇಟರಿನಿಂದ ಒಂದು ಕೇಬಲ್ ಗಣಕಯಂತ್ರಕ್ಕೆ ಹೋಗುತ್ತದೆ. ಅಲ್ಲಿ ಡಾಸ್ ಕಾಲದ ಒಂದು ಚಿಕ್ಕ ತಂತ್ರಾಂಶ ತೂಕವನ್ನು ಓದಿಕೊಂಡು, ವಾಹನದ ಸಂಖ್ಯೆಯೊಂದಿಗೆ ದಾಖಲಿಸಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಚೀಟಿ ಕೊಡುತ್ತದೆ. ಇದನ್ನು ಕ್ಲಿಪ್ಪರ್, ಫಾಕ್ಸ್‌ಪ್ರೊ ಅಥವಾ ಪ್ಯಾಸ್ಕಲ್‌ನಲ್ಲಿ ಬರೆದವರು ಇಂದು ಆ ಕೆಲಸದಲ್ಲಿ ಇಲ್ಲದಿರಬಹುದು. ಮೂಲ ಪ್ರತಿ ಒಂದು ಫ್ಲಾಪಿಯಲ್ಲಿ ಉಳಿದಿದ್ದರೆ ಅದೃಷ್ಟ.

ಈ ಸರಪಳಿಯಲ್ಲಿ ಮೊದಲು ಸಾಯುವುದು ಕಾಟಾ ಅಲ್ಲ, ಗಣಕಯಂತ್ರ. ಹೊಸದನ್ನು ತಂದಾಗ ಎರಡು ಕೊರತೆಗಳು ಒಟ್ಟಿಗೆ ಎದುರಾಗುತ್ತವೆ. ಹಿಂಬದಿಯಲ್ಲಿ ಒಂಬತ್ತು ಪಿನ್ನಿನ ಹಳೆಯ ಸಾಕೆಟ್ ಇರುವುದಿಲ್ಲ. ಹಳೆಯ ತಂತ್ರಾಂಶವನ್ನು ತೆರೆಯಲು ಹೋದರೆ ಯಂತ್ರ ನಿರಾಕರಿಸುತ್ತದೆ. ಆಗ ಮಾರಾಟಗಾರರಿಂದ ಬರುವ ಸಲಹೆ ಒಂದೇ: ಇಂಡಿಕೇಟರ್, ತಂತ್ರಾಂಶ ಎಲ್ಲವನ್ನೂ ಬದಲಿಸಿ. ಆ ವೆಚ್ಚ ಪ್ರತಿ ಸಂದರ್ಭದಲ್ಲೂ ಅಗತ್ಯವಲ್ಲ.

ಸೀರಿಯಲ್ ಪೋರ್ಟಿನ ಕೆಲಸ

ಆ ಒಂಬತ್ತು ಪಿನ್ನಿನ ಸಾಕೆಟ್ಟಿಗೆ ಸೀರಿಯಲ್ ಪೋರ್ಟ್ ಎಂದು ಹೆಸರು. ಅದು ಅನುಸರಿಸುವ ಆರ್.ಎಸ್.-232 ಎಂಬ ಮಾನಕ ಅಮೆರಿಕದಲ್ಲಿ ಮೊದಲು ಪ್ರಕಟವಾದದ್ದು 1960ರಲ್ಲಿ. ಒಂದು ತಂತಿಯಲ್ಲಿ ಅಕ್ಷರಗಳು ಒಂದರ ಹಿಂದೆ ಒಂದರಂತೆ, ಸಾಲಾಗಿ ಸಾಗುತ್ತವೆ. ವೇಗ 9600 ಬಾಡ್ ಇದ್ದು, ಪ್ರತಿ ಅಕ್ಷರಕ್ಕೆ ಆರಂಭ ಮತ್ತು ಅಂತ್ಯದ ಗುರುತು ಸೇರಿ 10 ಬಿಟ್ ಹಿಡಿದರೆ, ಸೆಕೆಂಡಿಗೆ 960 ಅಕ್ಷರಗಳು. ಇಂಡಿಕೇಟರ್ ತನ್ನ ತೂಕವನ್ನು ಹತ್ತು ಹದಿನೈದು ಅಕ್ಷರಗಳ ಒಂದು ಸಾಲಾಗಿ ಮಾಡಿ ಮತ್ತೆ ಮತ್ತೆ ಕಳುಹಿಸುತ್ತಲೇ ಇರುತ್ತದೆ. ಕೇಳುವವರು ಇರಲಿ, ಇಲ್ಲದಿರಲಿ, ಅದು ಹೇಳುತ್ತಲೇ ಇರುತ್ತದೆ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬರುವ ಅಪಾಯದ ಮೂಲ ಇದೇ.

ಹೊಸ ವಿಂಡೋಸ್ ಏಕೆ ಒಪ್ಪುವುದಿಲ್ಲ?

ನಮ್ಮ ಮಾರುಕಟ್ಟೆಯ ಭಾಷೆಯಲ್ಲೇ ಹೇಳುವುದಾದರೆ, ಡಾಸ್ ತಂತ್ರಾಂಶ ನೇರ ವ್ಯಾಪಾರಿ. ಅದು ಯಾರನ್ನೂ ಕೇಳದೆ ನೆಟ್ಟಗೆ ಪೋರ್ಟಿನ ಬಾಗಿಲಿಗೆ ಹೋಗಿ ಅಕ್ಷರವನ್ನು ಎತ್ತಿಕೊಳ್ಳುತ್ತದೆ. ಇತ್ತೀಚಿನ ವಿಂಡೋಸ್‌ನಲ್ಲಿ ಎಲ್ಲ ವ್ಯವಹಾರವೂ ಅಡತಿ ಅಂಗಡಿಯ ಮೂಲಕವೇ ಆಗಬೇಕು. ಪೋರ್ಟಿನ ಬಳಿಗೆ ಹೋಗುವ ಅಧಿಕಾರ ಡ್ರೈವರ್ ಎಂಬ ಮಧ್ಯವರ್ತಿಗೆ ಮಾತ್ರ. 32-ಬಿಟ್ ವಿಂಡೋಸ್‌ನಲ್ಲಿ ಡಾಸ್ ಕಾರ್ಯಕ್ರಮಗಳಿಗಾಗಿ ಎನ್.ಟಿ.ವಿ.ಡಿ.ಎಂ. ಎಂಬ ಹೊಂದಾಣಿಕೆ ಇತ್ತು. 64-ಬಿಟ್ ವಿಂಡೋಸ್‌ನಲ್ಲಿ ಅದೂ ಇಲ್ಲ. ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಇಂದು ಅಂಗಡಿಯಿಂದ ತರುವ ಯಂತ್ರದಲ್ಲಿ ಡಾಸ್ ತಂತ್ರಾಂಶ ತಾನಾಗಿ ನಡೆಯುವುದಿಲ್ಲ.

ಇಲ್ಲಿ ನೆರವಿಗೆ ಬರುವುದು ಎಮ್ಯುಲೇಟರ್. ಹೊಸ ಯಂತ್ರದೊಳಗೆ ಒಂದು ಹಳೆಯ ಯಂತ್ರವನ್ನು ತಂತ್ರಾಂಶದಿಂದಲೇ ಸೃಷ್ಟಿಸುವ ವಿಧಾನವಿದು. ಒಳಗಿನ ಡಾಸ್ ತಂತ್ರಾಂಶ ತಾನು ಹಳೆಯ ಯಂತ್ರದಲ್ಲೇ ಇದ್ದೇನೆಂದು ಭಾವಿಸಿ ಪೋರ್ಟಿನ ಬಾಗಿಲು ತಟ್ಟುತ್ತದೆ. ಎಮ್ಯುಲೇಟರ್ ಆ ಬಾಗಿಲಿನ ಪ್ರತಿರೂಪವನ್ನು ಮುಂದೊಡ್ಡಿ, ಹಿಂದಿನಿಂದ ವಿಂಡೋಸ್‌ನ ಮೂಲಕ ಅಕ್ಷರಗಳನ್ನು ತರಿಸಿಕೊಡುತ್ತದೆ. 2002ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಇವುಗಳಲ್ಲಿ ಪ್ರಸಿದ್ಧವಾದದ್ದು ಮತ್ತು ಉಚಿತವಾದದ್ದು. ಆದರೆ ಅದನ್ನು ರೂಪಿಸಿದ್ದು ಹಳೆಯ ಆಟಗಳಿಗಾಗಿ, ವ್ಯಾಪಾರಕ್ಕಾಗಿ ಅಲ್ಲ. ಅದರ ಮೂಲ ಆವೃತ್ತಿಯಲ್ಲಿ ಪ್ರಿಂಟರ್ ಪೋರ್ಟಿನ ಸೌಲಭ್ಯವಿಲ್ಲ. ಅದರಿಂದ ಬೆಳೆದ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಇದೆ. ಇನ್ನೊಂದು ದಾರಿ ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶದೊಳಗೆ ಉಚಿತವಾದ ಫ್ರೀಡಾಸ್ ಅನ್ನು ಸ್ಥಾಪಿಸುವುದು.

ವ್ಯವಸ್ಥೆಯ ಕ್ರಮ

ಕೆಲಸ ಮಾಡುವವರು ತಂತ್ರಜ್ಞರೇ ಆದರೂ ಮಾಲೀಕರಿಗೆ ಕ್ರಮ ತಿಳಿದಿರುವುದು ಒಳಿತು.

1. ಮೊದಲು ಹಳೆಯ ಯಂತ್ರದ ಹಾರ್ಡ್ ಡಿಸ್ಕಿನ ಪೂರ್ಣ ಪ್ರತಿಯನ್ನು ಎರಡು ಕಡೆ ಇಡಬೇಕು. ಯಂತ್ರ ಕೆಟ್ಟಿದ್ದರೂ ಡಿಸ್ಕ್ ಸಾಮಾನ್ಯವಾಗಿ ಓದಲು ಸಿಗುತ್ತದೆ. ಈ ಹಂತಕ್ಕೆ ಮುಂಚೆ ಬೇರೆ ಯಾವ ಪ್ರಯೋಗವೂ ಬೇಡ.

2. ಯು.ಎಸ್.ಬಿ.ಯಿಂದ ಸೀರಿಯಲ್‌ಗೆ ಪರಿವರ್ತಿಸುವ ಕೇಬಲ್ ಬೇಕು. ಇದರಲ್ಲಿ ಅಗ್ಗದ ಮಾಲನ್ನು ಕೊಳ್ಳಬಾರದು. ಕೆಲವು ಹಳೆಯ ಮತ್ತು ನಕಲಿ ಚಿಪ್‌ಗಳನ್ನು ಹೊಸ ಡ್ರೈವರ್‌ಗಳು ತಿರಸ್ಕರಿಸುತ್ತವೆ.

3. ಕೇಬಲ್ಲನ್ನು ಚುಚ್ಚಿದಾಗ ವಿಂಡೋಸ್ ಅದಕ್ಕೊಂದು ಸಂಖ್ಯೆ ಕೊಡುತ್ತದೆ, ಉದಾಹರಣೆಗೆ ಕಾಮ್ 3. ಬೇರೆ ಯು.ಎಸ್.ಬಿ. ಸಾಕೆಟ್ಟಿಗೆ ಚುಚ್ಚಿದರೆ ಈ ಸಂಖ್ಯೆ ಬದಲಾಗಬಹುದು. ಒಂದೇ ಸಾಕೆಟ್ಟನ್ನು ನಿಗದಿಪಡಿಸಿ, ಅದರ ಮೇಲೆ ಚೀಟಿ ಅಂಟಿಸಿ.

4. ಎಮ್ಯುಲೇಟರ್ ಒಳಗೆ ಹೋಗುವ ಮೊದಲು, ವಿಂಡೋಸ್‌ನಲ್ಲೇ ಯಾವುದಾದರೂ ಟರ್ಮಿನಲ್ ತಂತ್ರಾಂಶದಿಂದ ಇಂಡಿಕೇಟರಿನ ಅಂಕಿಗಳು ಬರುತ್ತಿವೆಯೇ ಎಂದು ನೋಡಬೇಕು. ಬಾಡ್ ವೇಗ, ಡಾಟಾ ಬಿಟ್, ಪ್ಯಾರಿಟಿ ಇಂಡಿಕೇಟರಿನಲ್ಲಿ ಇರುವಂತೆಯೇ ಇರಬೇಕು. ಅರ್ಥವಾಗದ ಚಿಹ್ನೆಗಳು ಬಂದರೆ ಈ ಹೊಂದಿಕೆ ತಪ್ಪಿದೆ. ಏನೂ ಬಾರದಿದ್ದರೆ ಕೇಬಲ್ಲಿನ 2 ಮತ್ತು 3ನೇ ಪಿನ್ನುಗಳ ಜೋಡಣೆಯನ್ನು ಪರೀಕ್ಷಿಸಬೇಕು. ಇಲ್ಲಿ ಬಾರದ ಅಂಕಿ ಒಳಗೆ ಎಂದಿಗೂ ಬಾರದು.

5. ಡಾಸ್‌ಬಾಕ್ಸ್‌ನಲ್ಲಿ ಮೊದಲ ಸೀರಿಯಲ್ ಪೋರ್ಟ್ ಆರಂಭದಲ್ಲಿ ಡಮ್ಮಿ ಎಂದೇ ನಿಗದಿಯಾಗಿರುತ್ತದೆ. ಅಂದರೆ ಬಾಗಿಲು ಇದೆ, ಹಿಂದೆ ಯಾರೂ ಇಲ್ಲ. ಸಂರಚನಾ ಕಡತದಲ್ಲಿ ಅದನ್ನು ಡೈರೆಕ್ಟ್‌ಸೀರಿಯಲ್ ಎಂದು ಬದಲಿಸಿ, ವಿಂಡೋಸ್‌ನ ನಿಜವಾದ ಪೋರ್ಟಿನ ಸಂಖ್ಯೆಯನ್ನು ಸೂಚಿಸಬೇಕು. ಒಳಗಿನ ತಂತ್ರಾಂಶಕ್ಕೆ ಅದು ಕಾಮ್ 1 ಆಗಿಯೇ ಕಾಣುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಾದರೆ ಸೀರಿಯಲ್ ಪೋರ್ಟನ್ನು ಚಾಲೂ ಮಾಡಿ, ಹೋಸ್ಟ್ ಡಿವೈಸ್ ಎಂಬ ಕ್ರಮವನ್ನು ಆರಿಸಬೇಕು.

6. ಒಂದು ಪೋರ್ಟನ್ನು ಒಂದು ಕಾಲಕ್ಕೆ ಒಂದೇ ತಂತ್ರಾಂಶ ಹಿಡಿಯಬಲ್ಲದು. ನಾಲ್ಕನೆಯ ಹಂತದ ಟರ್ಮಿನಲ್ಲನ್ನು ಮುಚ್ಚದೆ ಎಮ್ಯುಲೇಟರ್ ತೆರೆದರೆ ಅದಕ್ಕೆ ಪೋರ್ಟ್ ಸಿಗುವುದಿಲ್ಲ.

ಇಷ್ಟಾದರೆ ಪರದೆಯ ಮೇಲೆ ತೂಕ ಮೂಡುತ್ತದೆ. ನನ್ನ ಕಕ್ಷಿದಾರರಲ್ಲಿಯೂ ಮೂಡಿತು. ಎಲ್ಲರೂ ಕೆಲಸ ಮುಗಿಯಿತೆಂದು ನಿಟ್ಟುಸಿರು ಬಿಟ್ಟರು. ನಿಜವಾದ ಕಷ್ಟ ಆರಂಭವಾದದ್ದು ಆ ಮೇಲೆ.

ಕಾಟಾ ಸರಿ, ಚೀಟಿ ತಪ್ಪು

ಅವರು ಮೆಕ್ಕೆಜೋಳದ ಖರೀದಿದಾರರು. ಸುಗ್ಗಿಯ ನಡುವೆ ಹಳೆಯ ಯಂತ್ರ ಕೆಟ್ಟಿತು. ಮನೆಯ ಹುಡುಗನೇ ಎರಡು ರಾತ್ರಿ ಕುಳಿತು, ಹೊಸ ಯಂತ್ರದಲ್ಲಿ ಎಮ್ಯುಲೇಟರ್ ಹೂಡಿ ಕಾಟಾ ಚಾಲೂ ಮಾಡಿದ. ನಾಲ್ಕೈದು ದಿನಗಳ ನಂತರ ಒಬ್ಬ ರೈತರು ಚೀಟಿ ಹಿಡಿದುಕೊಂಡು ಕೊಠಡಿಗೆ ಬಂದರು. ಅವರ ಟ್ರ್ಯಾಕ್ಟರ್ ಮತ್ತು ಟ್ರೇಲರಿನ ಖಾಲಿ ತೂಕ 4,910 ಕಿಲೋ ಎಂದು ಚೀಟಿಯಲ್ಲಿತ್ತು. "ಸಾಹುಕಾರ್ರೆ, ನನ್ನ ಗಾಡಿ ಖಾಲಿ ಇದ್ದಾಗ ಎಂದೂ ಇಷ್ಟು ತೂಗಿಲ್ಲ" ಎಂದರು. ಕಾಟಾ ನೋಡುವವನು ಯಂತ್ರ ಸುಳ್ಳು ಹೇಳುವುದಿಲ್ಲ ಎಂದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಟ್ರ್ಯಾಕ್ಟರನ್ನು ಮತ್ತೆ ಹತ್ತಿಸಿ ಇಂಡಿಕೇಟರ್ ನೋಡಿದರೆ ಅಲ್ಲಿ 3,640 ಕಿಲೋ. ವ್ಯತ್ಯಾಸ 1,270 ಕಿಲೋ. 2025-26ರ ಮುಂಗಾರಿಗೆ ಘೋಷಿತವಾದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ಲೆಕ್ಕದಲ್ಲಿ ಒಂದೇ ಚೀಟಿಯಲ್ಲಿ 30,480 ರೂಪಾಯಿ ರೈತರ ಕೈತಪ್ಪುತ್ತಿತ್ತು.

ಚೀಟಿ ತಿದ್ದಿ ಹಣ ಕೊಟ್ಟರು. ಆ ಬಗ್ಗೆ ತಕರಾರಿಲ್ಲ. ಆದರೆ ಸಂಜೆಯ ಹೊತ್ತಿಗೆ "ಅಲ್ಲಿಯ ಕಾಟಾ ಸರಿಯಿಲ್ಲ" ಎಂಬ ಮಾತು ಊರೂರು ಸುತ್ತಿತ್ತು. ಮಾಲೀಕರು ನನಗೆ ಫೋನ್ ಮಾಡಿ, "ಆಡಿಟರ್ ಸಾಹೇಬ್ರೆ, ಮೂವತ್ತು ವರ್ಷದ ಹೆಸರು, ಏನು ಮಾಡಲಿ?" ಎಂದಾಗ ಅವರ ದನಿ ನಡುಗುತ್ತಿತ್ತು. ನಾನು ಮರುದಿನ ಅಲ್ಲಿಗೆ ಹೋಗಿ ಆ ವಾರದ ಚೀಟಿಗಳನ್ನೆಲ್ಲ ವೇಳೆಯ ಕ್ರಮದಲ್ಲಿ ಜೋಡಿಸಿದೆ. ಲೆಕ್ಕಪರಿಶೋಧಕನಿಗೆ ತಿಳಿದ ವಿದ್ಯೆ ಅದೊಂದೇ. ಆ ಟ್ರ್ಯಾಕ್ಟರಿಗೆ ತುಸು ಮೊದಲು ತೂಗಿದ ಚಿಕ್ಕ ಲಾರಿಯ ಖಾಲಿ ತೂಕ ಸರಿಯಾಗಿ 4,910 ಕಿಲೋ ಇತ್ತು! ಅದೇ ವಾರದಲ್ಲಿ ಅಕ್ಕಪಕ್ಕದ ಎರಡು ವಾಹನಗಳಿಗೆ ಒಂದೇ ತೂಕ ಬಿದ್ದ ಇನ್ನೂ ಎರಡು ಜೋಡಿಗಳು ಸಿಕ್ಕವು. ಅವುಗಳಲ್ಲಿ ಒಂದರಲ್ಲಿ ನಷ್ಟ ಮಾಲೀಕರದ್ದೇ.

ಕಾರಣವೇನು? ಎಮ್ಯುಲೇಟರ್ ಹೂಡುವಾಗ ನಡುನಡುವೆ ಅಕ್ಷರಗಳು ತಪ್ಪಿಹೋಗುತ್ತಿದ್ದವು. ಅದನ್ನು ತಡೆಯಲು ಹುಡುಗ ಆರ್‌ಎಕ್ಸ್-ಡಿಲೇ ಎಂಬ ಒಂದು ಮೌಲ್ಯವನ್ನು ಏರಿಸಿದ್ದ. ಒಳಗಿನ ತಂತ್ರಾಂಶ ಸ್ವೀಕರಿಸಲು ಸಿದ್ಧವಿಲ್ಲದಿದ್ದರೆ ಬಂದ ಅಕ್ಷರವನ್ನು ಎಷ್ಟು ಹೊತ್ತು ತಡೆದಿಡಬೇಕು ಎಂಬುದರ ಸೂಚನೆ ಅದು. ಸಾಮಾನ್ಯವಾಗಿ ಅದು 100 ಮಿಲಿಸೆಕೆಂಡ್. ಇಲ್ಲಿ ಅದನ್ನು 10,000ಕ್ಕೆ, ಅಂದರೆ ಹತ್ತು ಸೆಕೆಂಡಿಗೆ ಏರಿಸಲಾಗಿತ್ತು.

ಇದರ ಪರಿಣಾಮವನ್ನು ನೋಡಿ. ಲಾರಿಯ ತೂಕ ದಾಖಲಾದ ಕೂಡಲೇ ನಿರ್ವಾಹಕ ತೂಕದ ಪರದೆಯಿಂದ ಹೊರಬಂದು ಚೀಟಿ ಮುದ್ರಿಸುತ್ತಾನೆ. ಆಗ ಲಾರಿ ಇನ್ನೂ ಕಾಟಾದ ಮೇಲೆಯೇ ಇರುತ್ತದೆ. ಇಂಡಿಕೇಟರ್ ಹೇಳುತ್ತಲೇ ಇದೆ, ಕೇಳುವವರಿಲ್ಲ. ಹಳೆಯ ಯಂತ್ರದ ಪೋರ್ಟಿನ ಚಿಪ್‌ನಲ್ಲಿ ಒಂದು ಅಕ್ಷರಕ್ಕೆ, ಬಹಳವೆಂದರೆ ಹದಿನಾರು ಅಕ್ಷರಗಳಿಗೆ ಮಾತ್ರ ಜಾಗವಿತ್ತು, ಮಿಕ್ಕದ್ದು ಚೆಲ್ಲಿಹೋಗುತ್ತಿತ್ತು. ಆ ಬಡತನವೇ ಅಂದು ರಕ್ಷಣೆಯಾಗಿತ್ತು. ವಿಂಡೋಸ್‌ನ ಡ್ರೈವರ್ ಹಾಗಲ್ಲ. ಸಾವಿರಾರು ಅಕ್ಷರಗಳನ್ನು ಸರತಿಯಲ್ಲಿ ಕೂಡಿಡಬಲ್ಲದು. ಎಮ್ಯುಲೇಟರ್ ಒಂದೊಂದು ಅಕ್ಷರವನ್ನೂ ಹತ್ತು ಸೆಕೆಂಡ್ ತಡೆದು ನಿಂತದ್ದರಿಂದ ಆ ಸರತಿ ಹಿಂದಿನ ಲಾರಿಯ ತೂಕದಿಂದಲೇ ತುಂಬಿತು. ಮುಂದಿನ ವಾಹನಕ್ಕೆ ಪರದೆ ತೆರೆದ ಕ್ಷಣದಲ್ಲಿ ಮೊದಲು ಬಂದದ್ದು ಆ ಹಳೆಯ ಅಂಕಿ. ನಿರ್ವಾಹಕ ಅವಸರದಲ್ಲಿ ಕೀಲಿ ಒತ್ತಿದರೆ ಅದೇ ದಾಖಲಾಗುತ್ತದೆ. ಕೆಲವು ಸೆಕೆಂಡ್ ಕಾದರೆ ಸರಿಯಾದ ತೂಕ ಬರುತ್ತದೆ. ಆದ್ದರಿಂದಲೇ ತಪ್ಪು ಎಲ್ಲ ಚೀಟಿಗಳಲ್ಲಿ ಇರಲಿಲ್ಲ, ಸುಗ್ಗಿಯ ನೂಕುನುಗ್ಗಲಿನಲ್ಲಿ ಮಾತ್ರ ಕಾಣಿಸಿತು.

ಯಾರೂ ಮೋಸ ಮಾಡಿರಲಿಲ್ಲ. ಲೋಡ್‌ಸೆಲ್ ಸರಿ, ಇಂಡಿಕೇಟರ್ ಸರಿ, ತಂತ್ರಾಂಶವೂ ಸರಿ. ನಡುವಿನ ಮಧ್ಯವರ್ತಿ ಹಳೆಯ ಮಾತನ್ನು ಹೊಸದೆಂದು ಒಪ್ಪಿಸಿದ, ಅಷ್ಟೇ. ಆದರೆ ಮಾಲು ತಂದ ರೈತನಿಗೆ ಈ ವಿವರಣೆಯಿಂದ ಏನು ಪ್ರಯೋಜನ?

ಆ ಮೌಲ್ಯವನ್ನು ಮೊದಲಿನಂತೆ 100ಕ್ಕೆ ಇಳಿಸಿ, ಅಕ್ಷರ ತಪ್ಪುವುದಕ್ಕೆ ಎಮ್ಯುಲೇಟರಿನ ವೇಗವನ್ನು ಹೆಚ್ಚಿಸುವ ಸರಿಯಾದ ಮದ್ದು ಮಾಡಲಾಯಿತು. ಕೇಳಿದಾಗ ಮಾತ್ರ ತೂಕ ಕಳುಹಿಸುವ ಕ್ರಮ ಕೆಲವು ಇಂಡಿಕೇಟರ್‌ಗಳಲ್ಲಿ ಇದೆ. ತಂತ್ರಾಂಶ ಅದನ್ನು ಬಲ್ಲದಾದರೆ ಅದೇ ಉತ್ತಮ.

ಚಾಲೂ ಮಾಡುವ ಮುನ್ನ ಐದು ಪರೀಕ್ಷೆಗಳು

ಒಂದು: ತುಂಬಿದ ಲಾರಿ, ಖಾಲಿ ಟ್ರ್ಯಾಕ್ಟರ್, ಖಾಲಿ ಕಾಟಾ, ಈ ಕ್ರಮದಲ್ಲಿ ಬೆನ್ನು ಬೆನ್ನಿಗೆ ತೂಗಿ, ಪ್ರತಿ ಬಾರಿಯೂ ಪರದೆ ತೆರೆದ ತಕ್ಷಣವೇ ಕೀಲಿ ಒತ್ತಿ ನೋಡಬೇಕು. ನಿಧಾನವಾಗಿ ಮಾಡಿದ ಪರೀಕ್ಷೆ ಪರೀಕ್ಷೆಯಲ್ಲ.

ಎರಡು: ತೂಕದ ಪರದೆ ತೆರೆದಿರುವಾಗ ಕೇಬಲ್ ಕಿತ್ತು ನೋಡಬೇಕು. ತಂತ್ರಾಂಶ ದೋಷವೆಂದು ಹೇಳಬೇಕು. ಕೊನೆಯ ತೂಕವನ್ನೇ ಹಿಡಿದು ನಿಂತರೆ ಅಂತಹ ವ್ಯವಸ್ಥೆಯಲ್ಲಿ ವ್ಯಾಪಾರ ಮಾಡಬಾರದು.

ಮೂರು: ಎಮ್ಯುಲೇಟರಿನೊಳಗಿನ ದಿನಾಂಕ, ವೇಳೆ ಗೋಡೆಯ ಗಡಿಯಾರಕ್ಕೆ ಹೊಂದುತ್ತವೆಯೇ ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಬೇಕು. ಒಳಗಿನ ಗಡಿಯಾರ ಹಿಂದೆ ಬೀಳುವುದುಂಟು.

ನಾಲ್ಕು: ದಾಖಲೆ ಬರೆಯುತ್ತಿರುವಾಗ ಎಮ್ಯುಲೇಟರಿನ ಕಿಟಕಿಯನ್ನು ಮುಚ್ಚಬಾರದೆಂದು ನಿರ್ವಾಹಕರಿಗೆ ತಿಳಿಸಬೇಕು. ಒಂದೇ ಕಡತವನ್ನು ಎರಡು ಯಂತ್ರಗಳಿಂದ ಏಕಕಾಲಕ್ಕೆ ತೆರೆಯಬಾರದು.

ಐದು: ಮೊದಲ ಮೂರು ದಿನ ಇಂಡಿಕೇಟರಿನ ಅಂಕಿಯನ್ನು ಕಣ್ಣಿನಿಂದ ಓದಿ ಪುಸ್ತಕದಲ್ಲಿ ಬರೆದು, ಸಂಜೆ ಚೀಟಿಗಳೊಂದಿಗೆ ತಾಳೆ ನೋಡಬೇಕು. ಸಾಧ್ಯವಿದ್ದರೆ ಇಂಡಿಕೇಟರಿನ ಅಂಕಿ ರೈತರಿಗೂ ಕಾಣುವಂತೆ ಹೊರಗೊಂದು ಪ್ರದರ್ಶಕವನ್ನು ಹಾಕಬೇಕು. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಒಳ್ಳೆಯ ಆಡಿಟ್ ಇಲ್ಲ.

ಕಾನೂನಿನ ದೃಷ್ಟಿ

2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಿಯಮಗಳಂತೆ ವೇಬ್ರಿಡ್ಜ್‌ಗೆ 12 ತಿಂಗಳಿಗೊಮ್ಮೆ ಮರುಪರಿಶೀಲನೆ ಮತ್ತು ಮುದ್ರೆ ಆಗಬೇಕು. ಇಲ್ಲಿ ವಿವರಿಸಿದ ಕೆಲಸ ಇಂಡಿಕೇಟರಿನ ಹೊರಗಿನ ಸಾಕೆಟ್ಟಿನಿಂದ ಆಚೆಗೆ ನಡೆಯುವಂಥದ್ದು. ಮುದ್ರೆಯನ್ನು ಮುಟ್ಟುವ ಅಗತ್ಯವಿಲ್ಲ. ಇಂಡಿಕೇಟರಿನ ಒಳಗೆ ಏನನ್ನಾದರೂ ಬದಲಿಸಬೇಕಾಗಿ ಬಂದರೆ ಪರವಾನಗಿ ಪಡೆದ ದುರಸ್ತಿದಾರರನ್ನೇ ಕರೆಯಬೇಕು.

ಎರಡನೆಯದು ದಾಖಲೆಗಳ ಸಂರಕ್ಷಣೆ. ಜಿ.ಎಸ್.ಟಿ. ನೋಂದಣಿ ಉಳ್ಳವರು ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಇಟ್ಟುಕೊಳ್ಳಬೇಕು. ಉದಾಹರಣೆಗೆ, 2022-23ನೇ ಸಾಲಿನ ದಾಖಲೆಗಳು 2029ರ ಡಿಸೆಂಬರ್ ಅಂತ್ಯದವರೆಗೆ ಬೇಕು. ತೂಕದ ದಾಖಲೆ ನಿಮ್ಮ ಖರೀದಿಗೂ ದಾಸ್ತಾನಿಗೂ ಮೂಲ ಆಧಾರ. ಹೊಸ ತಂತ್ರಾಂಶ ಕೊಂಡವರೂ ಹಳೆಯದನ್ನು ಅಳಿಸದೆ, ಎಮ್ಯುಲೇಟರಿನಲ್ಲಿ ತೆರೆಯುವ ಸ್ಥಿತಿಯಲ್ಲಿ ಇಟ್ಟಿರಬೇಕು.

ಮೂರನೆಯದಾಗಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಗಣಕೀಕೃತ ದಾಖಲೆಯನ್ನು ನ್ಯಾಯಾಲಯದ ಮುಂದಿಡಲು ಪ್ರಮಾಣಪತ್ರ ಬೇಕು. ಯಂತ್ರ ಸರಿಯಾಗಿ ನಡೆಯುತ್ತಿತ್ತೆಂಬುದು ಅದರ ತಿರುಳು. ಮೇಲಿನ ಪರೀಕ್ಷೆಗಳ ಫಲಿತಾಂಶವನ್ನು ದಿನಾಂಕ, ಸಹಿಯೊಂದಿಗೆ ಬರೆದಿಟ್ಟವರು ಮಾತ್ರ ಅಂತಹ ಮಾತನ್ನು ಧೈರ್ಯವಾಗಿ ಹೇಳಬಲ್ಲರು.

ಯಾವಾಗ ಕೈಬಿಡಬೇಕು?

ಹಳೆಯದನ್ನು ಉಳಿಸಿಕೊಳ್ಳುವುದೇ ಗುರಿಯಾಗಬಾರದು. ಅಜ್ಜ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಂಡಂತೆ ಆಗಬಾರದು. ಒಂದಕ್ಕಿಂತ ಹೆಚ್ಚು ಯಂತ್ರಗಳಲ್ಲಿ ದಾಖಲೆ ಬೇಕಿದ್ದರೆ, ಲೆಕ್ಕದ ತಂತ್ರಾಂಶಕ್ಕೆ ತೂಕ ನೇರವಾಗಿ ಹೋಗಬೇಕಿದ್ದರೆ, ಅಥವಾ ಎರಡನೆಯ ಪರೀಕ್ಷೆಯಲ್ಲಿ ತಂತ್ರಾಂಶ ಸೋತರೆ, ಹೊಸ ತಂತ್ರಾಂಶಕ್ಕೆ ಹೋಗುವುದೇ ಲೇಸು. ಆಗಲೂ ಕಾಟಾ ಮತ್ತು ಇಂಡಿಕೇಟರ್ ಸರಿಯಿದ್ದರೆ ಅವುಗಳನ್ನು ಬದಲಿಸಬೇಕಿಲ್ಲ, ಆರ್.ಎಸ್.-232 ಮಾತನ್ನು ಹೊಸ ತಂತ್ರಾಂಶಗಳೂ ಬಲ್ಲವು. ಐದು ಪರೀಕ್ಷೆಗಳು ಮಾತ್ರ ಹೊಸದಕ್ಕೂ ತಪ್ಪಬಾರದು.

ನನ್ನ ಕಕ್ಷಿದಾರರು ಇಂದಿಗೂ ಆ ಹಳೆಯ ತಂತ್ರಾಂಶವನ್ನೇ ನಡೆಸುತ್ತಿದ್ದಾರೆ. ಆ ವಾರದ ಉಳಿದ ಎರಡು ತಪ್ಪು ಚೀಟಿಗಳ ಪೈಕಿ ರೈತರಿಗೆ ನಷ್ಟವಾಗಿದ್ದ ಒಂದರ ಹಣವನ್ನು, ಅವರು ಕೇಳುವ ಮೊದಲೇ, ಮಾಲೀಕರು ತಾವೇ ಮನೆಗೆ ಹೋಗಿ ತಲುಪಿಸಿದರು. ಕಾಟಾದ ಕೊಠಡಿಯ ಹೊರಗೆ ಈಗ ದೊಡ್ಡ ಅಂಕಿಯ ಪ್ರದರ್ಶಕವಿದೆ. ಚೀಟಿ ಪಡೆದವರು ಒಮ್ಮೆ ಅದನ್ನು, ಒಮ್ಮೆ ಚೀಟಿಯನ್ನು ನೋಡಿಕೊಂಡು ಹೋಗುತ್ತಾರೆ. ತಂತ್ರಾಂಶ ಹಳೆಯದೋ ಹೊಸದೋ ಎಂದು ಅವರು ಯಾರೂ ಕೇಳುವುದಿಲ್ಲ.